ಹೊಗೆಯ ಪಂಚನಾಮೆ

ಆಗೆಲ್ಲ ನಮ್ಮೂರಿನಲ್ಲಿ ದೇವರಿಗೂ ವರ್ಷಕ್ಕೊಂದು ದಿನ ನೆಮ್ಮದಿಯಿಂದ ತಿರುಗಾಡಲು ಊರು ಖಾಲಿ ಮಾಡಿಕೊಡುತ್ತಿದ್ದರು. ಆಷಾಢದ ಒಂದು ಮಂಗಳವಾರ ಮಂದಿ, ದನ, ಕುರಿ, ಕೋಳಿ, ಕೊನೆಗೆ ಸಾಲಿಯ ಮಾಸ್ತರರೂ ಮನೆ ಬಿಟ್ಟು ಸೀಮೆಯಾಚೆಯ ಹೊಲಗಳಲ್ಲಿ ಹೋಗಿ ಕೂರುತ್ತಿದ್ದರು. ಇದಕ್ಕೆ ಹೊರಬೀಡು ಎಂದು ಹೆಸರು. ಬರಿದಾದ ಊರಿನಲ್ಲಿ ಊರದೇವಿ ಲಕ್ಕವ್ವ ಓಣಿ ಓಣಿ ತಿರುಗಿ ರೋಗರುಜಿನ ಗುಡಿಸಿಕೊಂಡು ಹೋಗುತ್ತಾಳೆ; ಅವಳನ್ನು ಕಂಡವರ ಕಣ್ಣು ಹೋಗುತ್ತದೆ. ಸಂಜೆ ಗುಡಿಯಲ್ಲಿ ದೀಪ ಹಚ್ಚುವ ತನಕ ಊರೊಳಗಾಗಲಿ ಹೊರಗಾಗಲಿ ಯಾರೂ ಬೆಂಕಿ ಹೊತ್ತಿಸುವಂತಿಲ್ಲ. ಹೊಗೆ ಎದ್ದರೆ ತಾಯಿ ಮುನಿದು ಕೆಲಸ ಅರ್ಧಕ್ಕೇ ಬಿಡುತ್ತಾಳೆ, ಮುಂದಿನ ಮಂಗಳವಾರ ಮತ್ತೆ ಎಲ್ಲರೂ ಗಂಟು ಕಟ್ಟಬೇಕು. ನಮಗೆ ಮಕ್ಕಳಿಗೆ ಅದು ಹಬ್ಬ. ಹಿಂದಿನ ದಿನ ಬಡಿದಿಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಬನ್ನಿ ಗಿಡದ ಕೆಳಗೆ ಗಜಗದ ಆಟ.

ಈ ಕಾನೂನಿನ ಹೈಕೋರ್ಟು ನಮ್ಮ ಮನೆಯಲ್ಲೇ ಇತ್ತು. ಅದು ಅಪ್ಪನ ತಾಯಿ, ನಮ್ಮ ಆಯಿ. ಹಿಂದಿನ ವರ್ಷ ಕುರಿ ಕಾಯುವ ಮಾಳವ್ವ ಹೊಲದ ಬದುವಿನ ಮರೆಯಲ್ಲಿ ಮೂರು ಕಲ್ಲು ಹೂಡಿ ಚಹಾ ಕಾಸಿಕೊಂಡದ್ದನ್ನು ಪತ್ತೆ ಹಚ್ಚಿದವಳು ಆಯಿಯೇ. ಯಾಕೆ ಕಾಸಿದಿ ಎಂದು ಹಿರಿಯರು ಕೇಳಿದಾಗ ಮಾಳವ್ವ, "ತಲಿ ನೋಯ್ತಿತ್ತರಿ" ಅಂದಳು. ಇಷ್ಟು ದೊಡ್ಡ ಅಪರಾಧಕ್ಕೆ ಇಷ್ಟು ಸಣ್ಣ ಕಾರಣ ಕೊಟ್ಟರೆ ಯಾವ ಪಂಚಾಯ್ತಿಗಾದರೂ ಅವಮಾನವೇ. ಊರು ಇನ್ನೊಂದು ಮಂಗಳವಾರ ಹೊರಬಿತ್ತು. ಮಾಳವ್ವನನ್ನು ವಾಳೀತ ಹಾಕಿದರು, ಅಂದರೆ ಊರಿನ ಬಳಕೆಯಿಂದ ಹೊರಗಿಟ್ಟರು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಹಾಲಿಗೆ ಹೆಪ್ಪು ಕೊಡಲಿಲ್ಲ, ಅಷ್ಟೇ. ಗಿರಣಿಯವನು ಅವಳ ಜೋಳ ಬೀಸಲಿಲ್ಲ. ಬುಟ್ಟಿ ಹೊತ್ತು ಸಂಖ ಊರಿನ ಗಿರಣಿಯ ತನಕ ನಡೆಯುತ್ತಿದ್ದಳು. ಎದುರಿಗೆ ಬಂದರೆ ಅವ್ವಂದಿರು ನಮ್ಮನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು. ದೀಪಾವಳಿ ಹೊತ್ತಿಗೆ ಶಿಕ್ಷೆ ಮುಗಿಯಿತು. ಆದರೆ ಯಾರ ಬಾಗಿಲಿಗಾದರೂ ಹೋಗಿ ಹೆಪ್ಪು ಕೇಳುವ ರೂಢಿಯೇ ಅವಳಿಗೆ ತಪ್ಪಿಹೋಗಿತ್ತು.

ಮರುವರ್ಷದ ಹೊರಬೀಡಿನ ಹೊತ್ತಿಗೆ ನಮ್ಮ ಕಾಕಿ ಹಸಿ ಬಾಣಂತಿ. ಕೂಸು ದಿನ ತುಂಬುವ ಮೊದಲೇ ಹುಟ್ಟಿತ್ತು, ಬೆಕ್ಕಿನ ಮರಿಯಷ್ಟು. ಹೊರಸಿನ ಕೆಳಗೆ ಸದಾ ಕೆಂಡದ ಗಡಿಗೆ. ಕೋಣೆಯ ತುಂಬ ಬಜೆ, ಬೆಳ್ಳುಳ್ಳಿ, ಹಾಲಿನ ವಾಸನೆ. ಆ ದಿನ ಬೆಳಗ್ಗೆ ಆಯಿ ತನ್ನ ಕೈಯಾರೆ ನೀರು ಹೊಯ್ದು ಕೆಂಡ ಆರಿಸಿದಳು. ಕಾನೂನು ಎಂದರೆ ಕಾನೂನು.

ಅಪ್ಪ, ಅವ್ವ ದನ ಹೊಡೆದುಕೊಂಡು ಮುಂದೆ ಹೋಗಿದ್ದರು. ಕಾಕಾ ಕಮಾನು ಕಟ್ಟಿದ ಚಕ್ಕಡಿ ಹೂಡಿ ಬಾಗಿಲಲ್ಲಿ ನಿಂತಿದ್ದ. ಹೊರಗೆ ಜಿನುಗು ಮಳೆ, ಮೈ ಕೊರೆಯುವ ಗಾಳಿ. ಕೂಸನ್ನೆತ್ತಿಕೊಂಡು ಹೊಸ್ತಿಲಿಗೆ ಬಂದ ಆಯಿ ಬೆಳಕಿನಲ್ಲಿ ಅದರ ಮುಖ ನೋಡಿ ನಿಂತುಬಿಟ್ಟಳು. ತುಟಿ ನೇರಳೆ ಹಣ್ಣು ತಿಂದವರ ಹಾಗಿತ್ತು. ಅಳುತ್ತಿರಲಿಲ್ಲ.

"ನೀ ಹೋಗು," ಎಂದಳು ಕಾಕಾನಿಗೆ. "ಪಡದಾ ಬಿಟ್ಟು ಗಾಡಿ ಬಾಜೂಕ ಕುಂದ್ರು. ಯಾರರ ಕೇಳಿದ್ರ ಬಾಣಂತಿ ಮಲಗ್ಯಾಳ ಅನ್ನು."

"ಅವ್ವಾ, ಊರ ಮಂದಿ ಏನಂದಾರು?"

"ಊರ ಮಂದಿ ಏನಂತಾರ ಅನ್ನೂದು ನನಗ ಹೇಳಿಕೊಡ್ತೀಯೇನು? ನಡಿ ಲಗೂನ."

ಕಾಕಾ ಖಾಲಿ ಗಾಡಿ ಹೊಡೆದುಕೊಂಡು ಹೋದ. ನನ್ನನ್ನು ಅದರಲ್ಲಿ ಹತ್ತಿಸುವುದು ಇಬ್ಬರಿಗೂ ಮರೆತುಹೋಗಿತ್ತು. ಹೀಗೆ ನಾನು ಲಕ್ಕವ್ವನ ಊರಿನಲ್ಲಿ ಉಳಿದೆ.

ಖಾಲಿ ಊರು ಹೇಗಿರುತ್ತದೆ ಎಂದು ಅದನ್ನು ಕೇಳಿಸಿಕೊಂಡವರಿಗೇ ಗೊತ್ತು. ಗಿರಣಿ ಇಲ್ಲ, ನಾಯಿ ಇಲ್ಲ, ಕೆಮ್ಮು ಇಲ್ಲ. ಯಾರದೋ ಮನೆಯ ಕದ ಗಾಳಿಗೆ ಬಡಿಯುತ್ತಿತ್ತು. ಪ್ರತಿ ಸಲವೂ ನನ್ನ ಎದೆ ಅದರ ಜೊತೆಗೇ ಬಡಿಯುತ್ತಿತ್ತು. ಆಯಿ ಮಳೆಗೆ ನೆನೆದ ಸಗಣಿ ಕುಳ್ಳು ಒಟ್ಟಿ ಬೆಂಕಿ ಮಾಡಿದಳು. ಉರಿಗಿಂತ ಹೊಗೆಯೇ ಹೆಚ್ಚು. ಅದು ಕೋಣೆ ತುಂಬಿ, ಕಣ್ಣು ತುಂಬಿ, ಬೆಳಕಿಂಡಿಯಿಂದ ನೆಟ್ಟಗೆ ಮೇಲೆದ್ದಿತು. ಊರಿಗೆ ಊರೇ ಹೊಲದಲ್ಲಿ ಕೂತು ಮಾಡಲು ಬೇರೆ ಕೆಲಸವಿಲ್ಲದೆ ಇತ್ತಲೇ ನೋಡುತ್ತಿದೆ ಎಂಬುದು ನನಗೆ ಗೊತ್ತಿತ್ತು. ಇನ್ನು ನಮಗೂ ಹೆಪ್ಪು ಇಲ್ಲ, ಗಿರಣಿ ಇಲ್ಲ, ಗಜಗದ ಆಟಕ್ಕೆ ಗೆಳತಿಯರಿಲ್ಲ. ಅದಕ್ಕೂ ಮೊದಲು ಕಣ್ಣು ಹೋಗಬಹುದು.

"ಆಯಿ, ಲಕ್ಕವ್ವ ಬರ್ತಾಳೇನ?"

"ಬಂದ್ರ ಬರಲಿ. ಆಕೀನೂ ಹಡದಾಕಿನ."

ಹಾಗೆಂದವಳೇ ಆಯಿ ಎದ್ದು ಹೋಗಿ ಕದಕ್ಕೆ ಅಗಳಿ ಹಾಕಿದಳು. ಅದನ್ನು ನೋಡಿದ ಮೇಲೆ ನನಗೆ ಧೈರ್ಯ ಎಂಬ ಪದಾರ್ಥ ಮನೆಯಲ್ಲಿ ಎಲ್ಲಿಯೂ ಉಳಿಯಲಿಲ್ಲ.

ಆಗ ಓಣಿಯಲ್ಲಿ ಹೆಜ್ಜೆಯ ಸಪ್ಪಳ. ಕೆಸರಿನಲ್ಲಿ ಚಪ್ಪಲಿ ಪಚಕ್ ಪಚಕ್ ಎನ್ನುತ್ತ ಬಂತು. ದೇವಿ ಚಪ್ಪಲಿ ಮೆಟ್ಟುತ್ತಾಳೆಯೇ ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ. ಕಣ್ಣು ಬಿಗಿದು ಮುಚ್ಚಿ, ಗೋಡೆಗೆ ಮುಖ ಒತ್ತಿ ನಿಂತೆ. ಸಪ್ಪಳ ನಮ್ಮ ಬಾಗಿಲಿಗೆ ಬಂದು ನಿಂತಿತು.

ಅದೇ ಗಳಿಗೆಗೆ ಕೂಸು ಅತ್ತಿತು. ಬೆಳಗಿನಿಂದ ಮೊದಲ ಸಲ. ಅದರ ಬಾಯಿ ಮುಚ್ಚಲು ಹೋದ ಆಯಿಯ ಕೈ ಅರ್ಧದಲ್ಲಿ ನಿಂತು ಹಿಂದೆ ಬಂತು. "ಅಳಲಿ," ಎಂದಳು ಕಾಕಿ ಮೆಲ್ಲಗೆ.

ಹೊರಗೆ ಯಾರೋ ಕೆಮ್ಮಿದರು. ಗುಡಿಯ ಪೂಜಾರಿ ಸಿದ್ದಪ್ಪಜ್ಜ. ಹೊರಬೀಡಿನ ದಿನ ಊರೊಳಗೆ ಬರುವ ಅಧಿಕಾರ ಅವನೊಬ್ಬನಿಗೆ. ಹೊಗೆಯ ಪಂಚನಾಮೆ ಮಾಡಿಕೊಂಡು ಬಾ ಎಂದು ಹಿರಿಯರು ಅಟ್ಟಿದ್ದರು. ಅವನು ಕದ ತಟ್ಟಲಿಲ್ಲ. ಕೂಸು ಅಳುವುದನ್ನು ಸ್ವಲ್ಪ ಹೊತ್ತು ಕೇಳಿದ. ಆಮೇಲೆ ಗುಡಿಯಲ್ಲಿ ಮಾತಾಡುವ ಧಾಟಿಯಲ್ಲಿ, ಮುಚ್ಚಿದ ಕದಕ್ಕೆ ಹೇಳಿದ:

"ಲಕ್ಕವ್ವಾ, ನನ ತಾಯಿ, ಒಳಗ ಬಂದೀಯೇನವ್ವಾ? ಬಂದಿದ್ರ ಬೆಚ್ಚಗ ಇರು. ಆದ್ರ ಹಸೀ ಕುಳ್ಳ ಹಾಕಬ್ಯಾಡವ್ವಾ, ಊರಿಗೆಲ್ಲಾ ಕಾಣಾಕತ್ತೈತಿ. ಹಿತ್ತಲ ಬಣವಿ ಕೆಳಗ ಒಣಾವು ಇರ್ತಾವು ನೋಡು."

ಚಪ್ಪಲಿ ಬಂದ ದಾರಿಯಲ್ಲೇ ಹೋಯಿತು.

ಸಂಜೆ ದೀಪದ ಹೊತ್ತಿಗೆ ಮನೆಗೊಬ್ಬರು ಹೊಲದಿಂದ ಬಂದು ಗುಡಿಯ ಮುಂದೆ ನಿಲ್ಲಬೇಕು. ನಿಲ್ಲದಿದ್ದರೆ ಸಂಶಯ. ಆಯಿ ನನ್ನ ಕೈ ಹಿಡಿದು ಹೋಗಿ ಹೆಂಗಸರ ನಡುವೆ ನಿಂತಳು. ಬಾಯಿ ಮುಚ್ಚಿಕೊಂಡಿರುವುದು ಕಷ್ಟವಾಗಲಿಲ್ಲ. ಆದರೆ ನಾನು ಉಟ್ಟ ಪರಕಾರವೇ ಸಾಕ್ಷಿ ಹೇಳುತ್ತಿತ್ತು. ಇಡೀ ದಿನ ಬೆಂಕಿ ಕಾಣದ ಊರಿನಲ್ಲಿ ನಾನೊಬ್ಬಳೇ ಹೊಗೆ ನಾರುತ್ತಿದ್ದೆ.

"ಅಜ್ಜಾ, ಮಧ್ಯಾಹ್ನ ಹೊಗಿ ಎದ್ದಿತ್ತಲ್ಲರಿ?" ಒಬ್ಬರು ಕೇಳಿದರು.

"ಸುಳಿಗಾಳಿ ಅದು. ಧೂಳ."

"ಮಳ್ಯಾಗ ಧೂಳೇನ್ರಿ?"

"ತಾಯಿ ಗುಡಸಾಕತ್ತಾಳ ಅಂದ್ರ ಧೂಳ ಏಳಲಾರದ ಇರ್ತೈತೇನೋ? ಹೊಗಿ ಅಂತೀ ಅಂದ್ರ ಹಂಗ ಆಗಲಿ. ಬರೂ ಮಂಗಳವಾರ ಮತ್ತ ಗಂಟ ಕಟ್ಟ್ರಿ."

ಸಭೆ ಗಂಭೀರವಾಗಿ ಆಲೋಚಿಸಿತು. ಸುಳಿಗಾಳಿಯೇ ಇರಬೇಕೆಂದು ಬಹಳ ಮಂದಿಗೆ ಅನಿಸತೊಡಗಿತು.

ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಯಾರೋ ಮೂಗೆಳೆದರು. ತಿರುಗಿ ನೋಡಿದರೆ ಮಾಳವ್ವ. ಅವಳು ನನ್ನ ಕೂದಲು ಮೂಸಿದಳು, ಆಯಿಯ ಮುಖ ನೋಡಿದಳು. ಆಯಿ ನೆಲ ನೋಡಿದಳು. ನಾನು ಅಂದು ದೇವಿಗೆ ಹೆದರಿದ್ದಕ್ಕಿಂತ ಹೆಚ್ಚು ಆ ಬಡಕಲು ಹೆಂಗಸಿಗೆ ಹೆದರಿದೆ. ಅವಳು ಒಂದು ಮಾತು ಆಡಿದರೆ ಸಾಕಿತ್ತು.

"ಥಂಡಿ ಭಾಳ ಐತಿ," ಎಂದಳು ಮಾಳವ್ವ, ಎಲ್ಲರಿಗೂ ಕೇಳುವಂತೆ. "ಹುಡಿಗಿ ನಡಗಾಕತ್ತೈತಿ ನೋಡ್ರಿ." ತನ್ನ ಕಂಬಳಿ ತೆಗೆದು ನನ್ನ ತಲೆಯಿಂದ ಕಾಲಿನ ತನಕ ಸುತ್ತಿದಳು. ನೆನೆದ ಕುರಿಯ ಆ ಘಾಟಿನ ಮುಂದೆ ಹೊಗೆಯಲ್ಲ, ಊರೇ ಸುಟ್ಟಿದ್ದರೂ ಯಾರ ಮೂಗಿಗೂ ಗೊತ್ತಾಗುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಕಂಬಳಿ ಕೊಡಲು ಆಯಿಯ ಜೊತೆ ನಾನೂ ಹೋದೆ. ಆಯಿ ಆ ಮನೆಯ ಹೊಸ್ತಿಲ ಮೇಲೆ ಕೂತಳು. ಏನೇನೋ ಹೇಳಬೇಕೆಂದು ಬಂದಿದ್ದಳೇನೋ.

"ಮಾಳವ್ವಾ, ಒಂದೀಟು ಚಹಾ ಕಾಸು," ಎಂದಳು. "ತಲಿ ನೋಯಾಕತ್ತೈತಿ."

ಆಯಿ, ಸಿದ್ದಪ್ಪಜ್ಜ, ಮಾಳವ್ವ ಯಾರೂ ಈಗಿಲ್ಲ. ಹೊರಬೀಡು ಇದೆ, ಟ್ರ್ಯಾಕ್ಟರಿನಲ್ಲಿ ಹೋಗುತ್ತಾರೆ. ಈ ಆಷಾಢದಲ್ಲಿ ಮಿರಜದ ನನ್ನ ಮನೆಯಲ್ಲಿ ಕೂತು ಊರಿನ ವಾಟ್ಸಾಪ್ ಗ್ರುಪ್ಪು ತೆರೆದರೆ ಒಂದು ಫೋಟೋ. ಖಾಲಿ ಊರು, ಒಂದು ಮಾಳಿಗೆಯ ಮೇಲೆ ಎಳೆ ಹೊಗೆ, ಆ ಮನೆಗೆ ಕೆಂಪು ಬಾಣದ ಗುರುತು. ಕೆಳಗೆ ಊರೆಲ್ಲ ಸೇರಿ ಬೈದದ್ದು. ದೇವಿಯ ಭಯ ಯಾರಿಗೂ ಇದ್ದಂತಿರಲಿಲ್ಲ. ಬಾಣ ಮಾತ್ರ ನೆಟ್ಟಗಿತ್ತು. ಕಣ್ಣಾರೆ ಕಂಡದ್ದನ್ನು ಧೂಳು ಎನ್ನಬಲ್ಲ ಮಂದಿ ಒಂದು ಊರಿಗೆ ಎಷ್ಟು ಅವಶ್ಯವೆಂದು ಆ ಫೋಟೋ ನೋಡಿದಾಗ ನನಗೆ ತಿಳಿಯಿತು.

ಫೋಟೋ ಹಾಕಿದವನು ಪ್ರಕಾಶ, ನಮ್ಮ ಕಾಕಿಯ ಹಿರಿಮಗ. ಆ ಮಂಗಳವಾರದ ಕೂಸು. ಅವನಿಗೆ ಆ ದಿನದ ಸುದ್ದಿಯನ್ನು ಮನೆಯಲ್ಲಿ ಯಾರೂ ಹೇಳಿಲ್ಲ. ಗುಟ್ಟನ್ನು ಅಷ್ಟು ಚಲೋ ಕಾಯ್ದಿದ್ದೆವು. ಫೋನು ಮಾಡಿದೆ.

"ಪ್ರಕಾಶಾ, ಅದು ಸುಳಿಗಾಳಿ ಇರಬೇಕೋ. ಧೂಳ."

"ಇಲ್ಲಕ್ಕಾ," ಎಂದ, ಭಾಳ ಅಕ್ಕರೆಯಿಂದ. "ಝೂಮ್ ಮಾಡಿ ನೋಡು. ಹೊಗಿನ."