ಗೋವಾಕ್ಕೆ ಒಂದೇ ಕುರ್ಚಿ

ಮುಂಬಯಿಯ ಹೊರವಲಯದ ಖಾರಘರದ ಮೇಲೆ ನನಗೆ ಹೊಟ್ಟೆಕಿಚ್ಚು. ಅಲ್ಲಿನ ಗುಡ್ಡ, ಅಗಲ ರಸ್ತೆ, ಲಿಫ್ಟು ಎಲ್ಲ ಇರಲಿ ಬಿಡಿ. ಕಳವಾ ಎಂಬ ಇಕ್ಕಟ್ಟಿನ ಊರಿನಲ್ಲಿ ಒಂದು ಕೋಣೆಯ ಮನೆ ಮಾಡಿದವನು ಅಷ್ಟನ್ನು ಸಹಿಸಲು ಕಲಿತಿರುತ್ತಾನೆ. ಸಹಿಸಲಾಗದ್ದು ನಮ್ಮ ಕನ್ನಡ ಸಂಘದ ಸಮಿತಿಯಲ್ಲಿ ಅವರಿಗಿದ್ದ ಮೂರು ಕುರ್ಚಿ. ಅದರಲ್ಲೊಂದು ನನ್ನ ಷಡ್ಡಕನದು, ನನಗಿಂತ ಎಷ್ಟೋ ತಡವಾಗಿ ಮುಂಬಯಿಗೆ ಬಂದವನದು. ಕಳವಾಕ್ಕೆ ಒಂದೇ ಕುರ್ಚಿ. ಅದರಲ್ಲಿ ನಾನು.

ನಮ್ಮ ಸಂಘದಲ್ಲಿ ಊರು ಎಂದರೆ ಸ್ಟೇಷನ್ನು. ಉಡುಪಿಯವರೋ ಕಾರ್ಕಳದವರೋ ಎಂದು ಕೇಳುವುದಿಲ್ಲ, ಎಲ್ಲಿ ಇಳಿಯುತ್ತೀರಿ ಎಂದು ಕೇಳುತ್ತಾರೆ. ಸ್ಟೇಷನ್ನಿನಲ್ಲಿ ಸದಸ್ಯರು ಹೆಚ್ಚಿದ್ದಷ್ಟೂ ಕುರ್ಚಿ ಹೆಚ್ಚು. ರಾಜ್ಯಸಭೆಯ ಲೆಕ್ಕವೂ ಹೆಚ್ಚುಕಡಿಮೆ ಇದೇ: ಉತ್ತರ ಪ್ರದೇಶಕ್ಕೆ ಮೂವತ್ತೊಂದು, ಗೋವಾಕ್ಕೆ ಒಂದು. ಡೊಂಬಿವಲಿ ನಮ್ಮ ಉತ್ತರ ಪ್ರದೇಶ. ಕಳವಾ ನಮ್ಮ ಗೋವಾ, ಸಮುದ್ರದ ಬದಲು ಖಾಡಿಯ, ಅಂದರೆ ಹಿನ್ನೀರಿನ, ಕೆಸರು ಇದೆ ಅಷ್ಟೆ.

ಅಸೂಯೆ ಮನುಷ್ಯನನ್ನು ಓದಿಸುತ್ತದೆ. ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ದೇಶದೇಶಗಳ ಸಂವಿಧಾನ ಜಾಲಾಡಿದೆ. ಅಮೆರಿಕ ಸಿಕ್ಕಿತು. ಅಲ್ಲಿಯ ಸೆನೆಟ್ಟಿನಲ್ಲಿ ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ, ತಲಾ ಇಬ್ಬರು. ಆ ಖುಷಿಯಲ್ಲಿ ಕಳವಾ ದಾಟಿಹೋದದ್ದೂ ತಿಳಿಯದೆ ಮುಂಬ್ರಾದಲ್ಲಿ ಇಳಿದೆ.

ವಾರ್ಷಿಕ ಸಭೆಯಲ್ಲಿ ಒಕ್ಕೂಟದ ತತ್ತ್ವ ವಿವರಿಸಿದೆ. ತಲೆ ಎಣಿಸಿದ್ದು ಸಾಕು, ಸ್ಟೇಷನ್ನಿಗೂ ಒಂದು ಮರ್ಯಾದೆ ಬೇಡವೇ ಎಂದೆ. ಮನಸ್ಸಿನಲ್ಲಿದ್ದದ್ದು ಬೇರೆ. ಪ್ರತಿ ವರ್ಷವೂ ಸಮಿತಿಯ ಮತದಂತೆ ಸಂಘದ ಯಕ್ಷಗಾನ ಖಾರಘರದಲ್ಲೇ. ಷಡ್ಡಕ ಬಾಗಿಲಲ್ಲಿ ನಿಂತು ಮದುವೆಮನೆಯ ಯಜಮಾನನಂತೆ ನಮ್ಮನ್ನು ಬರಮಾಡಿಕೊಳ್ಳುತ್ತಿದ್ದ. ಒಮ್ಮೆಯಾದರೂ ಅವನು ಕಳವಾದಲ್ಲಿ ಇಳಿಯಬೇಕು, ನಾನು ಬನ್ನಿ ಬನ್ನಿ ಎನ್ನಬೇಕು. ಅಮೆರಿಕವನ್ನು ಎಳೆದು ತಂದದ್ದು ಇದಕ್ಕಾಗಿ.

ತಿದ್ದುಪಡಿ ಪಾಸಾಗಿಬಿಟ್ಟಿತು. ಡೊಂಬಿವಲಿಯವರಿಗೆ ಸಮಿತಿಯ ಕುರ್ಚಿಗಿಂತ ಭಾನುವಾರ ಮಧ್ಯಾಹ್ನದ ನಿದ್ದೆ ದೊಡ್ಡದಾಗಿತ್ತು. ಪ್ರತಿ ಸ್ಟೇಷನ್ನಿಗೆ ಎರಡೆರಡು ಕುರ್ಚಿ. ನಮ್ಮ ಎರಡನೆಯದಕ್ಕೆ ಯಾರೂ ಮುಂದೆ ಬಾರದ್ದರಿಂದ ಹೆಂಡತಿ ಶಶಿಕಲಾಳ ಹೆಸರನ್ನು ನಾನೇ ಸೂಚಿಸಿದೆ. ಎರಡೂ ಮತ ಮನೆಯೊಳಗೇ ಇರುತ್ತವಲ್ಲ ಎಂದು ಲೆಕ್ಕ ಹಾಕಿದ್ದೆ.

ಹೊಸ ಸಮಿತಿಯಲ್ಲಿ ಯಕ್ಷಗಾನದ ಜಾಗದ ಮಾತು ಬಂತು. ನಮ್ಮ ಕಳವಾ ಶಾಲೆಯ ಮೈದಾನಕ್ಕೆ ನಾನು ಕೈ ಎತ್ತಿದೆ. ಪಕ್ಕದ ಕೈ ಏಳಲಿಲ್ಲ. ಖಾರಘರದ ಹೆಸರು ಕರೆದಾಗ ಎದ್ದಿತು. ಆ ಒಂದು ಕೈಯಿಂದಲೇ ಕಳವಾ ಸೋತಿತು.

ಖಾರಘರದ ತಂಗಿಯ ಮೇಲಿನ ಪ್ರೀತಿಯೋ ಎಂದು ರೈಲಿನಲ್ಲಿ ಚುಚ್ಚಿದೆ. ಅವಳು ಕಿಟಕಿಯಿಂದ ಮುಖ ತಿರುಗಿಸಿದಳು.

"ಆ ಮೈದಾನದಲ್ಲಿ ಹೆಂಗಸರಿಗೆ ಒಂದು ಟಾಯ್ಲೆಟ್ ಇಲ್ಲ, ಗೊತ್ತುಂಟಾ ನಿಮಗೆ? ಆಟ ಮುಗಿಯುವವರೆಗೆ ನಾವು ಎಲ್ಲಿಗೆ ಹೋಗುವುದು? ನಾನು ಕಳವಾ ಮೆಂಬರ್ ಮಾರಾಯ್ರೆ, ನಿಮ್ಮ ಮೆಂಬರ್ ಅಲ್ಲ."

ಸೆನೆಟ್ಟಿನ ಇಬ್ಬರೂ ಒಂದೇ ಕಡೆ ಕೈ ಎತ್ತಬೇಕೆಂದು ಅಮೆರಿಕದವರೂ ಎಲ್ಲೂ ಬರೆದಿಲ್ಲ.

ಈ ಸಲವೂ ಷಡ್ಡಕ ಬಾಗಿಲಲ್ಲಿ ನಿಂತು ಬನ್ನಿ ಬನ್ನಿ ಎಂದ. ವಿಚಿತ್ರವೆಂದರೆ, ಖಾರಘರದ ಮೇಲಿನ ಹೊಟ್ಟೆಕಿಚ್ಚು ಈಗ ತುಸು ತಗ್ಗಿದೆ. ಈಗಿರುವುದು ಗೋವಾದ ಮೇಲೆ. ರಾಜ್ಯಸಭೆಯ ಆ ಒಂಟಿ ಕುರ್ಚಿಯಲ್ಲಿ ಯಾರೇ ಕೂರಲಿ, ಅವರು ಕೈ ಎತ್ತಿದರೆ ಇಡೀ ಗೋವಾ ಕೈ ಎತ್ತಿದಂತೆ.