ಜೋಡಿ ಡಿಸ್ಕಿನಲ್ಲಿ ಅಕ್ಕನ ಹಾಡು

“ಮಾಸ್ತರ, ನಮ್ಮಕ್ಕನ ಧ್ವನಿ ಹೋತೇನ್ರಿ?” ನೆರೆಮನೆಯ ಶಾಂತವ್ವ ಕೇಳಿದರು.

ಸಂಖ ಊರಿನ ನಮ್ಮ ವಾಚನಾಲಯದ ಗಣಕಯಂತ್ರಕ್ಕೆ ನಾನು ಕಾರ್ಯಾಚರಣ ವ್ಯವಸ್ಥೆಯನ್ನು ಹೊಸದಾಗಿ ಅಳವಡಿಸುತ್ತಿದ್ದೆ. ಅವರ ದಿವಂಗತ ಅಕ್ಕನ ಬೀಸುಕಲ್ಲಿನ ಹಾಡುಗಳನ್ನು ಉಳಿಸಿಟ್ಟಿದ್ದ, ಒಂದೇ ಡಿಸ್ಕಿನಂತೆ ಕೆಲಸ ಮಾಡಲು ಜೋಡಿಸಿದ್ದ ಜೋಡಿ ಡಿಸ್ಕುಗಳು ಪರದೆಯಲ್ಲಿ ಕಾಣಿಸಲಿಲ್ಲ. ಗಣಕಯಂತ್ರ ಮಾರಿದ ಅಂಗಡಿಯವರು ಫೋನಿನಲ್ಲಿ, “ಜೋಡಣಿ ಮುರದು ಎಲ್ಲಾ ಅಳಿಸ್ರಿ, ಲಗೂನ ಆಗತೈತಿ” ಎಂದರು. ನಾನು ಒಪ್ಪಲಿಲ್ಲ. ಆ ಜೋಡಣೆಯನ್ನು ಯಂತ್ರಕ್ಕೆ ಪರಿಚಯಿಸುವ ಡ್ರೈವರ್ ತಂತ್ರಾಂಶ ಸಿಗುವವರೆಗೂ ಹುಡುಕಿ, ಪೆನ್‌ಡ್ರೈವಿನಿಂದ ಸೇರಿಸಿದೆ. ಡಿಸ್ಕುಗಳು ಕಾಣಿಸಿಕೊಂಡವು. ಅವುಗಳನ್ನು ಮುಟ್ಟದೆ, ಬೇರೊಂದು ಡಿಸ್ಕಿನಲ್ಲಿ ಅಳವಡಿಕೆ ಮುಗಿಸಿ, ಹಾಡು ಹಚ್ಚಿದೆ.

ಹಾಡಿನ ನಡುವೆಯೇ ಅಕ್ಕ, “ಶಾಂತಾ, ಬಾಯಿ ಬಿಟ್ಟು ಹಾಡ” ಎಂದು ಗದರಿದ್ದು ಕೇಳಿಸಿತು. “ಸತ್ತರೂ ಬೈಯೂದು ಬಿಟ್ಟಿಲ್ಲ ನೋಡ್ರಿ” ಎಂದು ನಕ್ಕ ಶಾಂತವ್ವ, ಮುಂದಿನ ಸಾಲಿಗೆ ಧ್ವನಿಗೂಡಿಸಿದರು.

ಈಗಲೂ ಅವರು ಬಂದು ಅಕ್ಕನೊಡನೆ ಹಾಡುತ್ತಾರೆ. ‘ಮೌನವಾಗಿ ಓದಿರಿ’ ಎಂಬ ಫಲಕವನ್ನು ನಾನೇ ತೆಗೆದಿಟ್ಟಿದ್ದೇನೆ.