ಎಲ್ಲಿಗೆ ಅಂತ ಕೇಳಬಾರದು

ಚನ್ನರಾಯಪಟ್ಟಣದ ನಮ್ಮಮ್ಮನ ಮನೆಯಿಂದ ಒಮ್ಮೆ ಹೂವಿನ ಚಿತ್ರದ ಲೇಡೀಸ್ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಹಾಸನಕ್ಕೆ ವಾಪಸಾಗಿದ್ದೇನೆ. ಬಸ್ಸಿನಲ್ಲಿ ಎದುರು ಕೂತವರು ನನ್ನ ಮುಖ ನೋಡಲೇ ಇಲ್ಲ.

ನನ್ನ ಚಪ್ಪಲಿ ಆಮೇಲೆ ಸಿಕ್ಕಿದ್ದು ಬಚ್ಚಲೊಲೆಯ ಬೂದಿಯಲ್ಲಿ. (ಒಲೆ ಹಚ್ಚಿರಲಿಲ್ಲ, ನನ್ನ ಪುಣ್ಯ.) ಬಚ್ಚಿಟ್ಟವಳು ತಂಗಿಯ ಮಗಳು ಮೇಘಾ. ಆರು ವರ್ಷ. ಅವರಪ್ಪನದು ಊರೂರು ತಿರುಗುವ ಕೆಲಸ, ಹಾಗಾಗಿ ಅಜ್ಜಿಯ ಬಳಿ ಇದ್ದಾಳೆ. ಯಾರೇ ಬರಲಿ, ಕಾಫಿ ಮುಗಿಯುವಷ್ಟರಲ್ಲಿ ಚಪ್ಪಲಿ ಮಾಯ. ತುಂಟಿ ಎಂದು ನಕ್ಕೆವು. ಆಮೇಲೆ ಗದರಿದೆವು. ಹೊರಡಲು ಎದ್ದರೆ ಮಗು ನಡುಗುವುದು ಕಂಡಮೇಲೆ ಎರಡೂ ನಿಂತವು.

ನಮ್ಮ ಕಡೆ ಹೊರಡುವವರನ್ನು 'ಎಲ್ಲಿಗೆ' ಅಂತ ಕೇಳಬಾರದು, ಅಪಶಕುನ. ಮಗು ಅಳುತ್ತದೆಂದು ಅದಕ್ಕೆ ಹೇಳಿಯೂ ಹೋಗುವುದಿಲ್ಲ. ಹಿತ್ತಲಲ್ಲಿ ಕರು ತೋರಿಸುತ್ತಿರುವಾಗ ಮುಂಬಾಗಿಲಿಂದ ಜಾರಿಕೊಳ್ಳುತ್ತೇವೆ. (ಇದಕ್ಕೆ ಪ್ರೀತಿ ಅನ್ನುತ್ತೇವೆ.) ತಂಗಿ ಸುಧಾ ಹಾಗೇ ಜಾರಿಕೊಂಡು ಬೆಂಗಳೂರಿಗೆ ಒಂದು ಮದುವೆಗೆ ಹೊರಟಳು. ಕರು ತೋರಿಸಿದ್ದು ಅಮ್ಮ. ಆ ಬಸ್ಸು ದಾರಿಯ ಹಿರೀಸಾವೆಯನ್ನೂ ದಾಟಲಿಲ್ಲ.

ಹಾಸನದ ಡಾಕ್ಟರಮ್ಮ ಬಿಡಿಸಿ ಹೇಳಿದರು. ಎಳೆಯ ಮೆದುಳು ಇನ್ನೂ ಬೆಳೆಯುತ್ತಿರುತ್ತದೆ. ಆಗ ದೊಡ್ಡ ಭಯ ಬಿದ್ದರೆ ಅಪಾಯದ ಗಂಟೆ ಬಾರಿಸುವುದನ್ನೇ ಅದು ಚೆನ್ನಾಗಿ ಕಲಿತುಬಿಡುತ್ತದಂತೆ. ನಿಲ್ಲಿಸುವುದನ್ನೂ ಕಲಿಯುತ್ತದೆ, ನಿಧಾನವಾಗಿ. ಔಷಧಿ? ಹೇಳಿ ಹೋಗಿ, ಹೇಳಿದ ಹೊತ್ತಿಗೆ ಬನ್ನಿ. ಸ್ಕ್ಯಾನಿಂಗ್ ಬೇಡವಾ, ಟಾನಿಕ್ ಬೇಡವಾ ಎಂದೆ. ನಿಮಗೆ ಬೇಕಿದ್ದರೆ ಬರೆದುಕೊಡಲೇ ಎಂದರು.

ಅಮ್ಮ ಒಪ್ಪಲಿಲ್ಲ. "ಎಲ್ಲಿಗೆ ಅಂತ ಕೇಳಿದ್ರೆ ಆಗೋ ಕೆಲ್ಸಾನೂ ಆಗಲ್ಲ ಕಣೋ."

"ಸುಧಾನ್ನ ಯಾರೂ ಕೇಳ್ಲಿಲ್ವಲ್ಲಮ್ಮ."

ಅಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

ಹೋದ ಭಾನುವಾರ ನಾನು ಅಲ್ಲಿದ್ದಾಗಲೇ ಅಮ್ಮ ಶ್ರವಣಬೆಳಗೊಳದಲ್ಲಿರುವ ತನ್ನ ತಂಗಿಯ ಮನೆಗೆ ಹೊರಟಳು. ಚಪ್ಪಲಿ ಇಲ್ಲ. ಹೊರಗೆ ಆಟೋದವನು, "ಬಸ್ ಒಂಟೋಯ್ತದೆ ಕಣವ್ವ" ಎನ್ನುತ್ತಿದ್ದ. ಬಾಗಿಲಿಗೆ ಅಡ್ಡ ನಿಂತ ಮೇಘಾ ಕೇಳಿಯೇಬಿಟ್ಟಳು:

"ಎಲ್ಲಿಗಜ್ಜಿ?"

ಅಮ್ಮ ಒಳಗೆ ತಿರುಗಿದಳು, ಕೂತಳು, ಒಂದು ಲೋಟ ನೀರು ಕುಡಿದಳು. (ಅಪಶಕುನಕ್ಕೆ ಪರಿಹಾರ.) ಆಮೇಲೆ ಹೇಳಿದಳು:

"ಬೆಳಗೊಳಕ್ಕೆ ಪುಟ್ಟಿ, ಚಿಕ್ಕಜ್ಜಿ ಮನೆಗೆ. ದೀಪ ಹಚ್ಚೋ ಹೊತ್ಗೆ ಬಂದ್ಬಿಡ್ತೀನಿ."

ಮೇಘಾ ಯೋಚಿಸಿದಳು. ಚಪ್ಪಲಿ ತಂದಳು, ಬೂದಿ ಒರೆಸಿ ಮುಂದಿಟ್ಟಳು.

ಸಂಜೆ ನಾನೂ ಮೇಘಾನೂ ಹೊಸ್ತಿಲಲ್ಲಿ ಕೂತೆವು. ರಸ್ತೆಯನ್ನು ಅವಳಿಗಿಂತ ಹೆಚ್ಚು ನೋಡಿದ್ದು ನಾನೇ. ದೀಪಕ್ಕೆ ಇನ್ನೂ ಹೊತ್ತಿರುವಾಗಲೇ ಅಮ್ಮ ಬಂದಳು, ಏದುಸಿರು ಬಿಡುತ್ತ. ಮಗು ಓಡಿಹೋಗಿ ಕಾಲು ತಬ್ಬಿತು. ಆಮೇಲೆ ನನ್ನ ಬಳಿ ಬಂದು ಮೆಲ್ಲಗೆ ಕೇಳಿತು:

"ಮಾವ, ಅವತ್ತು ನಾನು ಕೇಳಿದ್ರೆ ಅಮ್ಮ ಎಷ್ಟೊತ್ಗೆ ಬರ್ತೀನಿ ಅಂತಿದ್ಲು?"

ಎಲ್ಲದಕ್ಕೂ ಅಂಕಣ ಬರೆಯುವ ನಾನು ಅಮ್ಮನ ಚಪ್ಪಲಿ ಎತ್ತಿ ಬದಿಗಿಟ್ಟೆ.

ಕೇಳಿದರೆ ಹೊರಟವರಿಗೆ ಅಪಶಕುನ, ಸರಿ. ಕೇಳದೇ ಉಳಿದವರಿಗೆ?